ಪೊಸೆನ್‌ಹೋಫೆನ್: ಒಬ್ಬ ಚಕ್ರವರ್ತಿನಿಯ ತವರುಮನೆ

ಅರಮನೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಿಂಹಾಸನವಿದ್ದ ಅರಮನೆಗಳ ಚರಿತ್ರೆಯನ್ನೇ ಬರೆಯುತ್ತಾರೆ. ಎಲ್ಲಿ ಪಟ್ಟಾಭಿಷೇಕ ನಡೆಯಿತು, ಎಲ್ಲಿ ಒಡಂಬಡಿಕೆಗೆ ರುಜು ಬಿದ್ದಿತು, ಎಲ್ಲಿ ಮಂತ್ರಾಲೋಚನೆಯಾಯಿತು ಎಂಬುದು ಅವರಿಗೆ ಮುಖ್ಯ. ಆಳಿದವರು ಚಿಕ್ಕವರಾಗಿದ್ದಾಗ ಎಲ್ಲಿ ಆಡಿದರು, ಯಾರ ಮಾತು ಕೇಳಿ ಬೆಳೆದರು, ಯಾವ ನೀರು ಯಾವ ಬೆಟ್ಟ ಅವರ ಕಣ್ಣಿಗೆ ಮೊದಲು ಬಿದ್ದಿತು ಎಂಬ ಸಂಗತಿಗೆ ಗ್ರಂಥದಲ್ಲಿ ಒಂದೆರಡು ಪಂಕ್ತಿ ದೊರೆತರೆ ಹೆಚ್ಚು. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಉಪೇಕ್ಷೆ ಎದ್ದು ಕಾಣುತ್ತದೆ. ಆದರೆ ಬೀಸುವ ಕಲ್ಲಿನ ಪದಗಳನ್ನು ಕೇಳಿ ಬೆಳೆದ ನಮಗೆ ತವರಿನ ಮಹಿಮೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹೆಣ್ಣಿನ ಬಾಳನ್ನು ತಿಳಿಯಬೇಕಾದರೆ ಆಕೆ ಸೇರಿದ ಮನೆಯ ಜೊತೆಗೆ ಆಕೆ ಬಿಟ್ಟುಬಂದ ಮನೆಯನ್ನೂ ನೋಡಬೇಕು. ಈ ಮಾತು ಒಕ್ಕಲಿನ ಮನೆಗೆ ಸಲ್ಲುವಂತೆ ಚಕ್ರವರ್ತಿಯ ಮನೆಗೂ ಸಲ್ಲುತ್ತದೆ. ಈ ದಿನದ ಭಾಷಣದಲ್ಲಿ ನಾವು ಅಂಥ ಒಂದು ತವರುಮನೆಯನ್ನು ನೋಡಿಬರೋಣ. ಅದು ಯೂರೋಪಿನ ಬವೇರಿಯ ದೇಶದಲ್ಲಿ ಒಂದು ಸರೋವರದ ದಡದಲ್ಲಿದೆ. ಅದರ ಹೆಸರು ಪೊಸೆನ್‌ಹೋಫೆನ್. ಆಸ್ಟ್ರಿಯದ ಚಕ್ರವರ್ತಿನಿಯೂ ಹಂಗೆರಿಯ ರಾಣಿಯೂ ಆದ ಎಲಿಜಬೆತ್ ತನ್ನ ಬಾಲ್ಯದ ಬೇಸಗೆಗಳನ್ನು ಕಳೆದದ್ದು ಅಲ್ಲಿ.

ಮ್ಯೂನಿಚ್ ನಗರದಿಂದ ನೈರುತ್ಯಕ್ಕೆ ಸುಮಾರು ಹದಿನೇಳು ಮೈಲಿ ಹೋದರೆ ಈ ಸರೋವರ ಸಿಕ್ಕುತ್ತದೆ. ಪೂರ್ವಕಾಲದಲ್ಲಿ ಆಲ್ಪ್ಸ್ ಪರ್ವತಗಳಿಂದ ಇಳಿದು ಬಂದ ಹಿಮನದಿ ನೆಲವನ್ನು ಉಜ್ಜಿ ಕೊರೆದು ಮಾಡಿದ ಹಳ್ಳದಲ್ಲಿ ನೀರು ನಿಂತು ಇದು ಉಂಟಾಯಿತು. ಉತ್ತರ ದಕ್ಷಿಣವಾಗಿ ಇದರ ಉದ್ದ ಹನ್ನೆರಡು ಮೈಲಿಗೂ ತುಸು ಹೆಚ್ಚು. ಅಗಲ ಮೂರು ಮೈಲಿಯನ್ನು ಮೀರುವುದಿಲ್ಲ. ಆಳ ಕೆಲವೆಡೆ ನಾನೂರು ಅಡಿಗೂ ಹೆಚ್ಚು. ಉತ್ತರದ ತುದಿಯಿಂದ ವೂರ್ಮ್ ಎಂಬ ಹೊಳೆ ಹೊರಟು ಹರಿಯುವುದರಿಂದ ಇದಕ್ಕೆ ಬಹುಕಾಲ ವೂರ್ಮ್ ಸರೋವರವೆಂದೇ ಹೆಸರಿದ್ದಿತು. ದಡದ ಊರಾದ ಸ್ಟಾರ್ನ್‌ಬೆರ್ಗಿನ ಹೆಸರು ಸರೋವರಕ್ಕೆ ಅಧಿಕೃತವಾಗಿ ಸಂದದ್ದು 1962ರಲ್ಲಿ. ಮೋಡವಿಲ್ಲದ ದಿನ ದಕ್ಷಿಣಕ್ಕೆ ನೋಡಿದರೆ ನೀರಿನ ಆಚೆಗೆ ಹಿಮ ಹೊದ್ದ ಶಿಖರಗಳ ಸಾಲು ಕಾಣುತ್ತದೆ. ಪೊಸೆನ್‌ಹೋಫೆನ್ ಇರುವುದು ಪಶ್ಚಿಮದ ದಡದಲ್ಲಿ. ಎದುರು ದಡದಲ್ಲಿ ಬವೇರಿಯದ ಅರಸರ ಬೆರ್ಗ್ ಎಂಬ ಸಣ್ಣ ಅರಮನೆ. ಈ ಎರಡು ಮನೆಗಳ ನಡುವಣ ನೀರನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇವೆ. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಕೋಟೆಯೆಂದು ಹೇಳಿದ ಮಾತ್ರಕ್ಕೆ ಕಂದಕ, ಫಿರಂಗಿ, ಸುತ್ತುಗೋಡೆಗಳನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಪೊಸೆನ್‌ಹೋಫೆನ್ ಚೌಕನಾದ ಒಂದು ಗಟ್ಟಿ ಕಟ್ಟಡ. ನಾಲ್ಕು ಮೂಲೆಗಳಲ್ಲಿ ನಾಲ್ಕು ಬುರುಜುಗಳು. 1536ರಲ್ಲಿ ಬವೇರಿಯದ ದೊರೆಯ ಸೇವೆಯಲ್ಲಿದ್ದ ಯಾಕೋಬ್ ರೋಸೆನ್‌ಬುಷ್ ಎಂಬ ಅಧಿಕಾರಿ ಇದನ್ನು ಕಟ್ಟಿಸಿದನು. ಮುಂದಿನ ಶತಮಾನದ ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ನಿನ ದಂಡು ಇದನ್ನು ಹಾಳುಮಾಡಿತು, ಮತ್ತೆ ಕಟ್ಟಿದರು. ಕೈಯಿಂದ ಕೈಗೆ ಹೋಗಿ ಕೊನೆಗೆ 1834ರಲ್ಲಿ ಇದನ್ನು ಕೊಂಡವನು ಡ್ಯೂಕ್ ಮ್ಯಾಕ್ಸಿಮಿಲಿಯನ್. ಆತನ ಮಕ್ಕಳ ಬಾಯಲ್ಲಿ ಈ ಉದ್ದದ ಹೆಸರು ಮುದ್ದಾಗಿ ಮೊಟಕಾಗಿ ‘ಪೋಸ್ಸಿ’ ಎಂದಾಯಿತು. ಚಳಿಗಾಲ ಮ್ಯೂನಿಚ್ಚಿನ ದೊಡ್ಡ ಮನೆಯಲ್ಲಿ, ಬೇಸಗೆ ಪೋಸ್ಸಿಯಲ್ಲಿ. ಆ ಸಂಸಾರದ ವರ್ಷ ಹೀಗೆ ಎರಡಾಗಿ ಹಂಚಿಹೋಗಿತ್ತು. ಮಕ್ಕಳ ಲೆಕ್ಕದಲ್ಲಿ ವರ್ಷವೆಂದರೆ ಬೇಸಗೆಯೇ ಎಂದು ಬೇರೆ ಹೇಳಬೇಕಾಗಿಲ್ಲ.

ಈ ಸಂಸಾರದ ಅಂತಸ್ತನ್ನು ತಿಳಿದಲ್ಲದೆ ಮುಂದಿನ ಕಥೆ ಅರ್ಥವಾಗದು. ಬವೇರಿಯವನ್ನು ಆಳುತ್ತಿದ್ದುದು ವಿಟ್ಟೆಲ್ಸ್‌ಬಾಖ್ ವಂಶ. ಮ್ಯಾಕ್ಸಿಮಿಲಿಯನ್ ಅದೇ ವಂಶದ ಕಿರಿಯ ಶಾಖೆಯವನು. ಆಳುವ ಮನೆಯವರು ‘ಬವೇರಿಯದ’ ಡ್ಯೂಕರೆನಿಸಿದರೆ, ಈತನ ಶಾಖೆಯವರು ‘ಬವೇರಿಯದಲ್ಲಿನ’ ಡ್ಯೂಕರು. ಒಂದು ವಿಭಕ್ತಿಯಷ್ಟು ವ್ಯತ್ಯಾಸ. ಆದರೆ ಆ ವಿಭಕ್ತಿಯಲ್ಲಿ ಸಿಂಹಾಸನದ ದೂರವೆಲ್ಲ ಅಡಗಿತ್ತು. ಮ್ಯಾಕ್ಸಿಮಿಲಿಯನ್ನನ ಹೆಂಡತಿ ಲುಡೊವಿಕ ಬವೇರಿಯದ ಮೊದಲನೆಯ ರಾಜನ ಮಗಳು. ಆಕೆಯ ಅಕ್ಕಂದಿರಲ್ಲಿ ಒಬ್ಬಳು ಪ್ರಷ್ಯದ ರಾಣಿಯಾದಳು, ಇಬ್ಬರು ಸ್ಯಾಕ್ಸನಿಯ ರಾಣಿಯರಾದರು, ಮತ್ತೊಬ್ಬಳಾದ ಸೋಫಿಯ ಆಸ್ಟ್ರಿಯದ ರಾಜಮನೆಯನ್ನು ಸೇರಿ ಮುಂದೆ ಚಕ್ರವರ್ತಿಯ ತಾಯಾದಳು. ಲುಡೊವಿಕಳಿಗೆ ಮಾತ್ರ ದೊರೆತವನು ರಾಜ್ಯವಿಲ್ಲದ ಡ್ಯೂಕ್. 1828ರಲ್ಲಿ ನಡೆದ ಈ ಮದುವೆ ಹಿರಿಯರು ಗೊತ್ತುಮಾಡಿದ್ದು; ಗಂಡಹೆಂಡಿರ ಮನಸ್ಸು ಅದರಲ್ಲಿ ಹೆಚ್ಚಾಗಿ ಕೂಡಿಕೊಂಡಂತೆ ಕಾಣುವುದಿಲ್ಲ.

ಡ್ಯೂಕ್ ಮ್ಯಾಕ್ಸಿಮಿಲಿಯನ್ ತನ್ನ ಕಾಲದ ರಾಜಪುರುಷರಲ್ಲಿ ಒಬ್ಬ ವಿಲಕ್ಷಣ ವ್ಯಕ್ತಿ. ‘ಜಿತರ್’ ಎಂಬ ತಂತಿವಾದ್ಯ ಅವನಿಗೆ ಪ್ರಾಣ. ಅದು ನಮ್ಮ ಸ್ವರಮಂಡಲದ ಜಾತಿಗೆ ಸೇರಿದ್ದು. ಅಂದು ಅದನ್ನು ಹೋಟೆಲುಗಳಲ್ಲಿಯೂ ಹಳ್ಳಿಗಳಲ್ಲಿಯೂ ನುಡಿಸುತ್ತಿದ್ದರೇ ಹೊರತು ದೊರೆಗಳು ಮುಟ್ಟುತ್ತಿರಲಿಲ್ಲ. 1838ರಲ್ಲಿ ಈಜಿಪ್ಟ್ ಮೊದಲಾದ ದೇಶಗಳಿಗೆ ಯಾತ್ರೆ ಹೊರಟಾಗ ತನ್ನ ಗುರುವಾದ ಪೆಟ್ಸ್‌ಮಾಯರ್ ಎಂಬ ವಾದಕನನ್ನು ಜೊತೆಯಲ್ಲಿ ಕರೆದುಕೊಂಡುಹೋದನು. ಬವೇರಿಯದ ಬೆಟ್ಟದ ಜನರ ಪದಗಳನ್ನು ರಾಗಸಹಿತವಾಗಿ ಕೂಡಿಸಿ 1846ರಲ್ಲಿ ಅಚ್ಚು ಹಾಕಿಸಿದನು. ಮ್ಯೂನಿಚ್ಚಿನ ತನ್ನ ಮನೆಯ ಹಿಂದೆ ಸರ್ಕಸ್ಸಿನ ಅಂಗಣವನ್ನು ಕಟ್ಟಿಸಿ, ತಾನೇ ಕುದುರೆಯ ಮೇಲೆ ಆಟ ತೋರಿಸುತ್ತಿದ್ದನು. ಕಲ್ಪಿತನಾಮದಿಂದ ನಾಟಕ ಕಥೆಗಳನ್ನು ಬರೆದನು. ವಿದ್ವಾಂಸರು, ಕವಿಗಳು, ಸಾಮಾನ್ಯ ಗೃಹಸ್ಥರು ಆತನ ಪಂಕ್ತಿಯಲ್ಲಿ ಕುಳಿತು ಹಾಡಿ ನಗುತ್ತಿದ್ದರು. ಆಸ್ಥಾನದ ಮರ್ಯಾದೆಗಳ ಹೆಸರೆತ್ತಿದರೆ ಆತನಿಗೆ ಬೇಸರ. ರಾಜ್ಯದ ಹೊಣೆಯೇ ಇಲ್ಲದವನಾದ್ದರಿಂದ ಈ ಬೇಸರವನ್ನು ತೋರಿಸಿಕೊಳ್ಳುವ ಸ್ವಾತಂತ್ರ್ಯವೂ ಆತನಿಗಿದ್ದಿತು.

ಇಂಥ ಮನೆಯಲ್ಲಿ ಎಂಟು ಮಂದಿ ಮಕ್ಕಳು ಬೆಳೆದರು. ಎಲಿಜಬೆತ್ ಹುಟ್ಟಿದ್ದು 1837ನೆಯ ಇಸವಿ ಡಿಸೆಂಬರ್ 24ರಂದು, ಮ್ಯೂನಿಚ್ಚಿನ ಮನೆಯಲ್ಲಿ. ಮುಂದೆ ಪ್ರಷ್ಯದ ರಾಣಿಯಾದ ದೊಡ್ಡಮ್ಮನ ಹೆಸರನ್ನೇ ಮಗುವಿಗಿಟ್ಟರು. ಮನೆಯಲ್ಲಿ ಕರೆಯುತ್ತಿದ್ದುದು ‘ಸೀಸಿ’ ಎಂದು. ಆಕೆಗಿಂತ ಮೂರು ವರ್ಷಕ್ಕೆ ದೊಡ್ಡವಳು ಹೆಲೆನೆ. ಬೆನ್ನಿಗೆ ಹುಟ್ಟಿದವನು ಕಾರ್ಲ್ ಥಿಯೋಡೋರ್. ಆಮೇಲೆ ಮರೀ, ಮಥಿಲ್ಡೆ, ಸೋಫೀ, ಇನ್ನೊಬ್ಬ ತಮ್ಮ. ಪೊಸೆನ್‌ಹೋಫೆನ್ನಿನಲ್ಲಿ ಈ ಮಕ್ಕಳಿಗೆ ಸರೋವರದಲ್ಲಿ ಈಜುವುದು, ದೋಣಿಯಲ್ಲಿ ಹೋಗುವುದು, ಕುದುರೆ ಏರುವುದು, ಕಾಡಿನಲ್ಲಿ ತಿರುಗುವುದು, ನಾಯಿಗಳನ್ನೂ ಮೊಲಗಳನ್ನೂ ಸಾಕುವುದು ಇವೇ ದಿನಚರಿ. ಸುತ್ತಿನ ಹಳ್ಳಿಯ ಮಕ್ಕಳು ಒಡನಾಡಿಗಳು. ಅವರಿಂದ ಬಂದ ಬವೇರಿಯದ ಹಳ್ಳಿಮಾತು ಇವರ ನಾಲಗೆಯ ಮೇಲೂ ನಿಂತಿತು. ಬಾಗಿಲಲ್ಲಿ ಬಂದು ನಿಂತವನು ಯಾರೆಂದು ನೋಡಿ ಮುಖವನ್ನು ಸಿದ್ಧಮಾಡಿಕೊಳ್ಳುವ ವಿದ್ಯೆಯನ್ನು ಇವರಿಗೆ ಯಾರೂ ಕಲಿಸಲಿಲ್ಲ.

ವಿದ್ಯೆಯ ಏರ್ಪಾಡು ಇಲ್ಲದಿರಲಿಲ್ಲ. ವೂಲ್ಫೆನ್ ಎಂಬ ಕುಲೀನ ಮಹಿಳೆ ಹೆಣ್ಣುಮಕ್ಕಳಿಗೆ ಮೇಲ್ವಿಚಾರಕಳಾಗಿದ್ದಳು, ಉಪಾಧ್ಯಾಯರು ಬಂದುಹೋಗುತ್ತಿದ್ದರು. ಆದರೆ ಸೀಸಿಗೆ ಪಾಠದ ಮೇಜಿಗಿಂತ ಕಿಟಕಿಯ ಆಚೆಯ ನೀರೇ ಹಿತ. ಚಿತ್ರ ಬರೆಯುವುದರಲ್ಲಿ ಕೈ ಓಡುತ್ತಿತ್ತು. ಬಾಲ್ಯದಲ್ಲಿಯೇ ಪದ್ಯ ಕಟ್ಟುವ ಅಭ್ಯಾಸ ಬಂದಿತು. ಫ್ರೆಂಚ್ ಸಂಭಾಷಣೆ, ನೃತ್ಯ, ಸಭಾಮರ್ಯಾದೆ, ವಂಶಾವಳಿಗಳ ಜ್ಞಾನ ಎಂಬ ರಾಜಕುಮಾರಿಯ ಭೂಷಣಗಳಲ್ಲಿ ಆಕೆಯ ಪಾಂಡಿತ್ಯ ಕಡಿಮೆ. ಹಿರಿಯಳಾದ ಹೆಲೆನೆಯನ್ನು ದೊಡ್ಡ ಮನೆಗೆ ಕೊಡಬೇಕೆಂಬ ಯೋಚನೆ ತಾಯಿಗೆ ಇದ್ದುದರಿಂದ ಶಿಕ್ಷಣದ ಶ್ರಮವೆಲ್ಲ ಆಕೆಯ ಪಾಲಿಗೆ ಬಿದ್ದಿತು. ಕಿರಿಯಳು ತನ್ನಷ್ಟಕ್ಕೆ ತಾನಿದ್ದಳು. ಈ ಅಲಕ್ಷ್ಯವೇ ಸೀಸಿಯ ಸ್ವಾತಂತ್ರ್ಯ. ಮುಂದೆ ಇದೇ ಆಕೆಯ ಮೇಲಣ ಆಕ್ಷೇಪಣೆಯೂ ಆಯಿತು.

ಪೊಸೆನ್‌ಹೋಫೆನ್ನಿನ ಬಾಲ್ಯವನ್ನು ಬರಿಯ ಸುಖದ ಬಣ್ಣದಲ್ಲಿ ಬರೆಯುವುದು ವಾಡಿಕೆ. ತಂದೆಯೂ ಮಗಳೂ ವೇಷ ಮರೆಸಿಕೊಂಡು ಹಳ್ಳಿಗಳಿಗೆ ಹೋಗಿ, ತಂದೆ ಜಿತರ್ ನುಡಿಸುವಾಗ ಮಗಳು ಜನರಿಂದ ಬಿಡಿಗಾಸು ಕೂಡಿಸಿದಳೆಂದೂ, ತಾನು ದುಡಿದು ಸಂಪಾದಿಸಿದ ಹಣ ಅದೊಂದೇ ಎಂದು ಚಕ್ರವರ್ತಿನಿಯಾದ ಮೇಲೆ ಆ ನಾಣ್ಯಗಳನ್ನು ತೋರಿಸುತ್ತಿದ್ದಳೆಂದೂ ಒಂದು ಕಥೆಯುಂಟು. ಕಥೆ ರಮ್ಯವಾಗಿದೆ, ಇಂಥ ಕಥೆಗಳನ್ನು ಕಥೆಗಳೆಂದೇ ಸವಿಯುವುದು ಲೇಸು. ಈ ತಂದೆ ವರ್ಷದಲ್ಲಿ ಬಹುಕಾಲ ಮನೆಯಲ್ಲಿರುತ್ತಿರಲಿಲ್ಲ. ಬಂದಾಗ ಹಬ್ಬ, ಹೋದಾಗ ಮೌನ. ಎಂಟು ಮಕ್ಕಳ ಭಾರ ಹೊತ್ತವಳು ಲುಡೊವಿಕ. ಗಡಿಯಾರಗಳ ಮೇಲೆ, ಭೂಗೋಳದ ಮೇಲೆ ಪ್ರೀತಿಯಿಟ್ಟುಕೊಂಡು, ಅಕ್ಕಂದಿರಿಗೆ ಕಾಗದ ಬರೆಯುತ್ತ, ತನಗೆ ದೊರೆಯದ ಅಂತಸ್ತು ಮಕ್ಕಳಿಗಾದರೂ ದೊರೆಯಲೆಂದು ಹಂಬಲಿಸುತ್ತ ಆಕೆ ದಿನ ಕಳೆದಳು. ಹೀಗೆ ಆ ಮನೆಯಲ್ಲಿ ಮಗಳು ಕಂಡ ಆದರ್ಶಗಳು ಎರಡು: ಮನಸ್ಸು ಬಂದತ್ತ ಹೊರಟುಹೋಗುವ ತಂದೆ, ಕಾದು ಕುಳಿತಿರುವ ತಾಯಿ. ಮಗಳು ಯಾವುದನ್ನು ಆರಿಸಿಕೊಂಡಳೆಂಬುದನ್ನು ಆಕೆಯ ಮುಂದಿನ ನಲವತ್ತು ವರ್ಷಗಳ ಸಂಚಾರವೇ ಹೇಳುತ್ತದೆ.

1848ರಲ್ಲಿ ಯೂರೋಪಿನ ಸಿಂಹಾಸನಗಳೆಲ್ಲ ಅಲುಗಾಡಿದವು. ವಿಯೆನ್ನದಲ್ಲಿ ದಂಗೆ ಎದ್ದು ಆಸ್ಟ್ರಿಯದ ರಾಜಪರಿವಾರ ಇನ್ಸ್‌ಬ್ರುಕ್ ನಗರಕ್ಕೆ ಓಡಿಹೋಗಿದ್ದಾಗ, ಲುಡೊವಿಕ ತನ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು ಅಕ್ಕನನ್ನು ನೋಡಲು ಅಲ್ಲಿಗೆ ಹೋದಳು. ಹತ್ತು ವರ್ಷದ ಸೀಸಿಯ ಮೇಲೆ ಅಲ್ಲಿ ಕಣ್ಣಿಟ್ಟವನು ಸೋಫಿಯಳ ಕಿರಿಯ ಮಗ ಕಾರ್ಲ್ ಲುಡ್ವಿಗ್. ಹಿರಿಯನಾದ ಫ್ರಾನ್ಸ್ ಜೋಸೆಫ್ ಈ ಹುಡುಗಿಯನ್ನು ಗಮನಿಸಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಆತ ಹದಿನೆಂಟನೆಯ ವಯಸ್ಸಿಗೆ ಚಕ್ರವರ್ತಿಯಾದನು. ಅಲುಗಿದ ಸಾಮ್ರಾಜ್ಯವನ್ನು ಮಗನಿಗಾಗಿ ಉಳಿಸಿದ ಛಲಗಾತಿ ತಾಯಿ ಸೋಫಿಯ. ಐದು ವರ್ಷ ಕಳೆದ ಮೇಲೆ ಮಗನಿಗೆ ಹೆಣ್ಣು ಹುಡುಕುವಾಗ ಆಕೆಯ ದೃಷ್ಟಿ ತಂಗಿಯ ಮಗಳಾದ ಹೆಲೆನೆಯ ಮೇಲೆ ಬಿದ್ದಿತು.

1853ರ ಆಗಸ್ಟ್ ತಿಂಗಳಲ್ಲಿ ಬಾಡ್ ಇಷಲ್ ಎಂಬ ಬೆಟ್ಟದೂರಿನಲ್ಲಿ ನಡೆದುದನ್ನು ವಿಸ್ತರಿಸಬೇಕಾಗಿಲ್ಲ. ಲೋಕವೆಲ್ಲ ಬಲ್ಲ ಕಥೆ ಅದು. ಅಕ್ಕನನ್ನು ನೋಡಲು ಬಂದ ವರ ತಂಗಿಯನ್ನು ಮೆಚ್ಚಿದನು. 16ರಂದು ಭೇಟಿ, 17ರಂದು ನೃತ್ಯ, 18ರಂದು ಚಕ್ರವರ್ತಿಯ ಇಪ್ಪತ್ತಮೂರನೆಯ ಹುಟ್ಟುಹಬ್ಬ, 19ರಂದು ನಿಶ್ಚಿತಾರ್ಥ. ಹುಡುಗಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಆಕೆಯ ಒಪ್ಪಿಗೆಯನ್ನು ಕೇಳಿದರೆಂಬುದು ನಿಜ. ಆದರೆ ಆಸ್ಟ್ರಿಯದ ಚಕ್ರವರ್ತಿಗೆ ಒಲ್ಲೆನೆಂದು ಹೇಳಬಹುದೆಂಬ ಕಲ್ಪನೆ ಆ ಸಂಸಾರದಲ್ಲಿ ಯಾರಿಗೂ ಇರಲಿಲ್ಲ. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳು ಅಣ್ಣತಂಗಿಯರೇ ಆಗುತ್ತಾರೆ. ಅಲ್ಲಿಯೂ ಅಷ್ಟು ಹತ್ತಿರದ ನಂಟಿಗೆ ಪೋಪ್ ಗುರುವಿನ ವಿಶೇಷಾನುಮತಿ ಬೇಕಾಯಿತು. ಅನುಮತಿ ಬಂದಿತು, ದೊಡ್ಡಮ್ಮನೇ ಅತ್ತೆಯಾದಳು.

ಆ ಚಳಿಗಾಲದಲ್ಲಿ ಹುಡುಗಿಯನ್ನು ಚಕ್ರವರ್ತಿನಿಯನ್ನಾಗಿ ಮಾಡುವ ಕೆಲಸ ಅವಸರವಾಗಿ ಸಾಗಿತು. ಭಾಷೆಗಳು, ನೃತ್ಯ, ನಡೆನುಡಿ ಎಲ್ಲಕ್ಕೂ ಉಪಾಧ್ಯಾಯರು. ಆಸ್ಟ್ರಿಯದ ಚರಿತ್ರೆಯನ್ನು ಹೇಳಿಕೊಡಲು ಹಂಗೆರಿಯ ಇತಿಹಾಸಕಾರ ಕೌಂಟ್ ಮಾಯ್ಲಾತ್ ಬರುತ್ತಿದ್ದನು. ಪಾಠಗಳಲ್ಲಿ ಆಕೆ ಮನಸ್ಸಿಟ್ಟು ಕೇಳಿದ್ದು ಈತನ ಪಾಠವನ್ನು. ಹಂಗೆರಿಯ ಮೇಲೆ ಆಕೆಗೆ ಹುಟ್ಟಿದ ಪ್ರೀತಿಗೆ ಮೊದಲ ಬೀಜ ಇದೆಂದು ಹಲವರ ಅಭಿಪ್ರಾಯ. ಆ ವರ್ಷದ ಕ್ರಿಸ್ಮಸ್ ಹಬ್ಬಕ್ಕೆ ಆಕೆ ವರನಿಗೆ ಕೊಟ್ಟ ಕಾಣಿಕೆ ಪಿಲೋಟಿ ಮತ್ತು ಆಡಮ್ ಎಂಬ ಚಿತ್ರಕಾರರು ಬರೆದ ಒಂದು ವರ್ಣಚಿತ್ರ. ಕುದುರೆಯ ಮೇಲೆ ಕುಳಿತಿರುವ ಕನ್ನೆ. ಹಿಂದೆ ಪೊಸೆನ್‌ಹೋಫೆನ್ನಿನ ಬುರುಜುಗಳು. ಕಿರೀಟವಿಲ್ಲ, ಆಭರಣಗಳಿಲ್ಲ. ತಾನು ಎಲ್ಲಿಯವಳೆಂಬುದನ್ನು ಗಂಡನಾಗುವವನಿಗೆ ಆಕೆ ತಿಳಿಸಿದ ರೀತಿ ಇದು ಎಂದು ನಮಗೆ ತೋರುತ್ತದೆ.

1854ರ ಏಪ್ರಿಲ್ 20ರಂದು ಆಕೆ ಮ್ಯೂನಿಚ್ಚನ್ನು ಬಿಟ್ಟು, ಡ್ಯಾನ್ಯೂಬ್ ನದಿಯಲ್ಲಿ ಹಡಗಿನ ಮೇಲೆ ಇಳಿದು ವಿಯೆನ್ನವನ್ನು ಸೇರಿದಳು, 24ರಂದು ವಿವಾಹ. ಆಕೆಯ ಬಾಲ್ಯದ ಸರೋವರದಲ್ಲಿಯೂ ಆ ಹೊತ್ತಿಗೆ ಕಾಲ ಬದಲಾಗುತ್ತಿತ್ತು. 1851ರಲ್ಲಿ ಅಲ್ಲಿ ಮೊದಲ ಹೊಗೆಹಡಗು ತೇಲಿತು. ಮದುವೆಯ ವರ್ಷ ಮುಗಿಯುವುದರೊಳಗೆ ಮ್ಯೂನಿಚ್ಚಿನಿಂದ ಸ್ಟಾರ್ನ್‌ಬೆರ್ಗಿನವರೆಗೆ ರೈಲುದಾರಿ ಬಂದಿತು. 1865ರಲ್ಲಿ ಪೊಸೆನ್‌ಹೋಫೆನ್ನಿಗೇ ಸ್ಟೇಷನ್ ಆಯಿತು. ಸೀಸಿ ಕಂಡ ನಿಶ್ಶಬ್ದವಾದ ದಡ ಸೀಸಿಯೊಂದಿಗೇ ಮರೆಯಾಯಿತೆನ್ನಬಹುದು.

ವಿಯೆನ್ನದ ಅರಮನೆಯಲ್ಲಿ ಏನಾಯಿತು? ಅಲ್ಲಿ ಚಕ್ರವರ್ತಿನಿಯ ದಿನ ಶಿಷ್ಟಾಚಾರದ ಕಟ್ಟಿಗೆ ಒಳಪಟ್ಟಿತ್ತು. ಯಾರು ಆಕೆಯ ಸಮೀಪಕ್ಕೆ ಬರಬಹುದು, ಯಾರೊಡನೆ ಎಷ್ಟು ಮಾತನಾಡಬೇಕು, ಯಾವಾಗ ಏನನ್ನು ಉಡಬೇಕು ಎಂಬುದಕ್ಕೆಲ್ಲ ತಲೆಮಾರುಗಳಿಂದ ಬಂದ ವಿಧಿಯುಂಟು. ಅದನ್ನು ನಡೆಸಲು ಅತ್ತೆಯ ಕಡೆಯ ಹಿರಿಯ ಸಖಿಯರುಂಟು. ಮದುವೆಯಾಗಿ ಎರಡು ವಾರ ಕಳೆಯುವುದರೊಳಗೆ, ಕಳೆದುಹೋದ ಸ್ವಾತಂತ್ರ್ಯಕ್ಕಾಗಿ ಮರುಗುವ ಒಂದು ಪದ್ಯವನ್ನು ಆಕೆ ಬರೆದಳು. ಮೊದಲನೆಯ ಮಗಳು ಹುಟ್ಟಿದಾಗ ಆ ಮಗುವಿಗೆ ಅಜ್ಜಿಯ ಹೆಸರಿಟ್ಟರು. ಮಗು ಬೆಳೆದದ್ದು ಅಜ್ಜಿಯ ಅಂತಃಪುರದ ಬಳಿ. ಎರಡು ವರ್ಷಕ್ಕೆ ಆ ಕೂಸು ತೀರಿಕೊಂಡಿತು. ಈ ದುಃಖಗಳಿಗೆ ಹೊಣೆ ಯಾರೆಂದು ಕೇಳಿದರೆ ಕಥೆಗಾರರು ಥಟ್ಟನೆ ಅತ್ತೆಯನ್ನು ತೋರಿಸುತ್ತಾರೆ. ಆದರೆ ಸೋಫಿಯಳ ದಿನಚರಿಯಲ್ಲಿ ಸೊಸೆಯ ವಿಷಯವಾಗಿ ಮೆಚ್ಚುಗೆಯ ಮಾತುಗಳಿವೆ. ಆಕೆಯೂ ಬವೇರಿಯದ ಹೆಣ್ಣೇ. ಆ ಕಠಿಣ ವಿಧಿಗಳಿಗೆ ತಾನೂ ತಲೆಬಾಗಿ, ಅವುಗಳಿಂದಲೇ ಮನೆತನ ಉಳಿಯಿತೆಂದು ನಂಬಿದವಳು. ತಾನು ನುಂಗಿದ ಕಹಿಯನ್ನು ಸೊಸೆಯೂ ನುಂಗಲೆಂದು ಬಯಸುವ ಅತ್ತೆ ಯಾವ ದೇಶಕ್ಕೂ ಹೊಸಬಳಲ್ಲ.

ವಿಯೆನ್ನದವರು ಬೇರೊಂದು ಕಾರಣವನ್ನು ಹೇಳುತ್ತಿದ್ದರು: ತಪ್ಪೆಲ್ಲ ಪೊಸೆನ್‌ಹೋಫೆನ್ನಿನದು; ಅಲ್ಲಿ ಹುಡುಗಿಯನ್ನು ಶಿಸ್ತಿಲ್ಲದೆ ಬೆಳೆಸಿದರು; ಕಾಡಿನ ಜಿಂಕೆಯನ್ನು ತಂದು ಅರಮನೆಯಲ್ಲಿ ಕಟ್ಟಿದ ಹಾಗಾಯಿತು. ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಆ ಮನೆ ಮಕ್ಕಳಿಗೆ ತಾಳ್ಮೆಯನ್ನು ಕಲಿಸಲಿಲ್ಲವೆಂಬುದು ದಿಟ. ಕರ್ತವ್ಯವೆಂದರೆ ಬೇಸರವಾದಾಗಲೂ ಮಾಡಬೇಕಾದದ್ದು ಎಂಬ ಪಾಠವನ್ನು ಹೇಳಿಕೊಡಬೇಕಾದ ತಂದೆ ಊರಿನಲ್ಲಿರುತ್ತಿರಲಿಲ್ಲ. ಎಲಿಜಬೆತ್ತಳ ಪ್ರಜೆಗಳು ಆಕೆಯನ್ನು ಕಾಣದೆ ವರ್ಷಗಟ್ಟಲೆ ಇದ್ದರು. ಮಕ್ಕಳಲ್ಲಿ ಕೊನೆಯ ಮಗಳಿಗೆ ದೊರೆತ ತಾಯಿಯ ಅಕ್ಕರೆ ಉಳಿದವರಿಗೆ ದೊರೆಯಲಿಲ್ಲ. ಇವನ್ನೆಲ್ಲ ಬರಿಯ ವಿಧಿವಿಲಾಸವೆಂದು ಹೇಳುವುದು ನ್ಯಾಯವಾಗದು.

ಆದರೆ ಒಂದು ಮನೆಯನ್ನು ಒಬ್ಬ ಮಗಳಿಂದಲೇ ಅಳೆಯಬಾರದು. ಉಳಿದ ಮಕ್ಕಳನ್ನೂ ನೋಡಬೇಕು. ಮರೀ ನೇಪಲ್ಸಿನ ರಾಣಿಯಾದಳು. ರಾಜ್ಯ ಕೈಬಿಡುವ ಕಾಲದಲ್ಲಿ, 1860-61ರ ಚಳಿಗಾಲ, ಗಯೇತಾ ಕೋಟೆಗೆ ಮುತ್ತಿಗೆ ಬಿದ್ದಾಗ, ಹತ್ತೊಂಬತ್ತು ವರ್ಷದ ಈ ಹುಡುಗಿ ಗುಂಡಿನ ಮಳೆಯ ನಡುವೆ ಸೈನಿಕರಿಗೆ ಧೈರ್ಯ ಹೇಳುತ್ತ, ಗಾಯಾಳುಗಳನ್ನು ನೋಡಿಕೊಳ್ಳುತ್ತ ನಿಂತಳು. ಯೂರೋಪೆಲ್ಲ ಆಕೆಯನ್ನು ಕೊಂಡಾಡಿತು. ಕಾರ್ಲ್ ಥಿಯೋಡೋರ್ ರಾಜಕುಮಾರನಾಗಿದ್ದೂ ವೈದ್ಯಶಾಸ್ತ್ರವನ್ನು ಕ್ರಮವಾಗಿ ಓದಿ ಕಣ್ಣಿನ ವೈದ್ಯನಾದನು; ಮ್ಯೂನಿಚ್ಚಿನಲ್ಲಿ ಆತ ಸ್ಥಾಪಿಸಿದ ಕಣ್ಣಿನ ಆಸ್ಪತ್ರೆಗೆ ಇಂದಿಗೂ ಆತನ ಹೆಸರಿದೆ; ಬಡವರ ಕಣ್ಣಿನ ಪೊರೆ ತೆಗೆದು ದೃಷ್ಟಿ ಕೊಟ್ಟ ಡ್ಯೂಕ್ ಎಂದು ಜನ ಆತನನ್ನು ಹರಸಿದರು. ಕಿರಿಯ ಸೋಫೀ 1897ರ ಮೇ 4ರಂದು ಪ್ಯಾರಿಸ್ಸಿನ ಧರ್ಮಾರ್ಥ ಸಂತೆಯೊಂದರಲ್ಲಿ ಬೆಂಕಿ ಬಿದ್ದಾಗ, ಬೇರೆಯವರು ಮೊದಲು ಹೊರಗೆ ಹೋಗಲೆಂದು ನಿಂತು ಪ್ರಾಣ ಬಿಟ್ಟಳೆಂದು ಕಂಡವರು ಹೇಳಿದರು. ಧೈರ್ಯ, ದಯೆ, ಸಾಮಾನ್ಯರ ಮೇಲಣ ಮಮತೆ ಇವೂ ಪೊಸೆನ್‌ಹೋಫೆನ್ನಿನ ಪಾಠಗಳೇ. ಎಲಿಜಬೆತ್ತಳಲ್ಲಿಯೂ ಇವು ಇದ್ದವು. ಹಂಗೆರಿಯವರ ಭಾಷೆಯನ್ನು ಕಲಿತು, ಅವರ ನಾಯಕರ ಸ್ನೇಹ ಸಂಪಾದಿಸಿ, 1867ರ ಸಂಧಾನಕ್ಕೆ ಬೆಂಬಲವಾಗಿ ನಿಂತವಳು ಆಕೆ. ಆ ವರ್ಷದ ಜೂನ್ 8ರಂದು ಹಂಗೆರಿಯ ರಾಣಿಯಾಗಿ ಕಿರೀಟವನ್ನು ಧರಿಸಿದಳು. ಬೇಕೆನಿಸಿದ ಕೆಲಸದಲ್ಲಿ ಆಕೆಯ ಶ್ರಮಕ್ಕೆ ಮಿತಿಯಿರಲಿಲ್ಲ. ಆ ಮನೆ ಕೊಟ್ಟ ಶಕ್ತಿಯೂ ಅದೇ, ಆ ಮನೆಯ ಕೊರತೆಯೂ ಅದೇ.

ಇನ್ನು ತವರಿಗೆ ಮರಳುವ ಮಾತು. 1860ರ ಬೇಸಗೆಯಲ್ಲಿ ದೇಹವೂ ಮನಸ್ಸೂ ಬಳಲಿದ್ದ ಎಲಿಜಬೆತ್ ಮಗಳೊಬ್ಬಳನ್ನು ಕರೆದುಕೊಂಡು ಪೊಸೆನ್‌ಹೋಫೆನ್ನಿಗೆ ಬಂದಳು. ಅನಂತರವೂ ವರ್ಷವರ್ಷ ಬರುತ್ತಿದ್ದಳು. ಆದರೆ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಎಷ್ಟೋ ಬೇಸಗೆಗಳಲ್ಲಿ ಆಕೆ ಇಳಿದುಕೊಂಡದ್ದು ತವರುಮನೆಯಲ್ಲಿ ಅಲ್ಲ. ಹತ್ತಿರದ ಫೆಲ್ಡಾಫಿಂಗ್ ಎಂಬ ಹಳ್ಳಿಯ ಒಂದು ಹೋಟೆಲಿನಲ್ಲಿ. ಚಕ್ರವರ್ತಿನಿಯ ಪರಿವಾರ ದೊಡ್ಡದು. ಅಲ್ಲಿಂದ ತಾಯಿಯನ್ನು ನೋಡಿಬರುವಳು. ತವರಿನ ಕೂಗಳತೆಯಲ್ಲಿದ್ದು ತವರಿನಲ್ಲಿ ಮಲಗಲಾರದ ಈ ಮಗಳ ಸ್ಥಿತಿಯಲ್ಲಿ ಆಕೆಯ ಜೀವನವೆಲ್ಲ ಸಂಗ್ರಹವಾಗಿ ಕಾಣುತ್ತದೆ. ಮನೆ ಇತ್ತು, ನೀರಿತ್ತು, ಬೆಟ್ಟಗಳಿದ್ದವು. ಅಲ್ಲಿಗೆ ಮರಳಬೇಕಾಗಿದ್ದ ಹುಡುಗಿ ಮಾತ್ರ ಇರಲಿಲ್ಲ.

ಎದುರು ದಡದ ಬೆರ್ಗ್ ಅರಮನೆಯಲ್ಲಿ ಬವೇರಿಯದ ದೊರೆ ಇಮ್ಮಡಿ ಲುಡ್ವಿಗ್ ಬೇಸಗೆಯಲ್ಲಿ ಬಂದಿರುತ್ತಿದ್ದನು. ಎಲಿಜಬೆತ್ತಳಿಗಿಂತ ಎಂಟು ವರ್ಷ ಚಿಕ್ಕವನು; ಬಂಧು; ಆಕೆಯಂತೆಯೇ ಏಕಾಂತಪ್ರಿಯ. ಫೆಲ್ಡಾಫಿಂಗಿನ ಬಳಿ ಸರೋವರದಲ್ಲಿ ಗುಲಾಬಿಯ ದ್ವೀಪವೆಂಬ ಒಂದು ಸಣ್ಣ ನಡುಗಡ್ಡೆಯಿದೆ. ಅಲ್ಲಿ ಇಬ್ಬರೂ ಭೇಟಿಯಾಗುತ್ತಿದ್ದರು, ಪದ್ಯಗಳನ್ನು ವಿನಿಮಯ ಮಾಡಿಕೊಳ್ಳುತ್ತಿದ್ದರು. ಆಕೆಯ ಕಣ್ಣಿಗೆ ಆತ ಗರುಡ, ತಾನು ಕಡಲಹಕ್ಕಿ. 1867ರಲ್ಲಿ ಆಕೆಯ ತಂಗಿ ಸೋಫೀಗೂ ಲುಡ್ವಿಗನಿಗೂ ನಿಶ್ಚಿತಾರ್ಥವಾಗಿ, ಅದೇ ವರ್ಷದಲ್ಲಿ ಮುರಿದುಬಿದ್ದಿತು. ಕೊನೆಗೆ 1886ರಲ್ಲಿ ಮಂತ್ರಿಗಳು ಲುಡ್ವಿಗನನ್ನು ಬುದ್ಧಿಭ್ರಮಣೆಯಾದವನೆಂದು ಸಾರಿ ಬೆರ್ಗಿಗೆ ತಂದಿಟ್ಟರು. ಜೂನ್ 13ರ ಸಂಜೆ ಗುಡ್ಡೆನ್ ಎಂಬ ವೈದ್ಯನೊಡನೆ ತಿರುಗಾಡಲು ಹೋದ ದೊರೆ ಮರಳಲಿಲ್ಲ; ಇಬ್ಬರ ಶವಗಳೂ ದಡದ ನೀರಿನಲ್ಲಿ ಸಿಕ್ಕಿದವು. ಆ ಸಮಯದಲ್ಲಿ ಎಲಿಜಬೆತ್ ಈಚೆಯ ದಡದಲ್ಲಿ, ಫೆಲ್ಡಾಫಿಂಗಿನಲ್ಲಿ ಇದ್ದಳು. ಬಾಲ್ಯದಲ್ಲಿ ಈಜಿದ ನೀರು ಈಗ ಬೇರೆಯ ಮುಖ ತೋರಿಸಿತು.

ಆಮೇಲಿನ ವರ್ಷಗಳು ಒಂದರ ಮೇಲೊಂದು ಸಾವಿನ ವರ್ಷಗಳು. 1888ರಲ್ಲಿ ತಂದೆ; 1889ರ ಜನವರಿ 30ರಂದು ಮಾಯರ್‌ಲಿಂಗಿನಲ್ಲಿ ಒಬ್ಬನೇ ಮಗ ರುಡಾಲ್ಫ್; 1890ರಲ್ಲಿ ಅಕ್ಕ ಹೆಲೆನೆ; 1892ರಲ್ಲಿ ತಾಯಿ. ಚಕ್ರವರ್ತಿನಿ ಕಪ್ಪು ಬಟ್ಟೆ ತೊಟ್ಟು ದೇಶದೇಶ ಅಲೆದಳು. ಆಕೆಯ ಪದ್ಯಗಳು ಮಾತ್ರ ಗುಟ್ಟಾಗಿ ಉಳಿದವು. ಅವನ್ನು ಪೆಟ್ಟಿಗೆಯಲ್ಲಿಟ್ಟು ಮುದ್ರೆಯೊತ್ತಿ, ಅರವತ್ತು ವರ್ಷ ಕಳೆದ ಮೇಲೆ ಸ್ವಿಟ್ಸರ್ಲೆಂಡಿನ ರಾಷ್ಟ್ರಾಧ್ಯಕ್ಷನಿಗೆ ಒಪ್ಪಿಸಬೇಕೆಂದು 1890ರಲ್ಲಿ ಬರೆದಿಟ್ಟಳು. ಅವುಗಳಿಂದ ಬರುವ ಹಣ ರಾಜಕೀಯ ಕಾರಣಕ್ಕಾಗಿ ಶಿಕ್ಷೆಗೊಳಗಾದವರ ಸಂಸಾರಗಳಿಗೆ ಸೇರಬೇಕೆಂಬುದು ಆಕೆಯ ಇಚ್ಛೆ. 1984ರಲ್ಲಿ ಆ ಪದ್ಯಗಳು ಅಚ್ಚಾದಾಗಲೇ ಲೋಕಕ್ಕೆ ಆಕೆಯ ಒಳಗಿನ ದನಿ ಸರಿಯಾಗಿ ಕೇಳಿಸಿತು. ಚಕ್ರವರ್ತಿಯ ಪತ್ನಿ ತನ್ನ ಮಾತನ್ನು ರಾಜರಿಲ್ಲದ ಒಂದು ಗಣರಾಜ್ಯದ ವಶಕ್ಕೆ ಕೊಟ್ಟಳೆಂಬುದನ್ನು ನೋಡಿದಾಗ, ಪೊಸೆನ್‌ಹೋಫೆನ್ನಿನ ಡ್ಯೂಕಿನ ಮಗಳು ಕೊನೆಯವರೆಗೂ ಬದುಕಿದ್ದಳೆಂದು ಹೇಳಬೇಕಾಗುತ್ತದೆ. 1898ರ ಸೆಪ್ಟೆಂಬರ್ 10ರಂದು ಜಿನೀವದಲ್ಲಿ, ಹಡಗು ಹತ್ತಲು ಸರೋವರದ ದಡದಲ್ಲಿ ನಡೆದುಹೋಗುತ್ತಿದ್ದ ಆಕೆಯನ್ನು ಲೂಚೇನಿ ಎಂಬ ಅರಾಜಕವಾದಿ ಅರದಿಂದ ಇರಿದನು. ಅರವತ್ತು ವರ್ಷದ ಬಾಳು ಮತ್ತೊಂದು ಸರೋವರದ ತೀರದಲ್ಲಿ ಮುಗಿಯಿತು.

ಆ ಕೋಟೆಮನೆಯ ಗತಿ ಏನಾಯಿತು? ಇಪ್ಪತ್ತನೆಯ ಶತಮಾನದಲ್ಲಿ ಅದು ವಂಶದವರ ಕೈಬಿಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯಾಯಿತು, ಯುದ್ಧ ಮುಗಿದ ಮೇಲೆ ಯಂತ್ರಗಳ ಕಾರ್ಖಾನೆಯಾಯಿತು, ಕುರಿಗಳಿಗೂ ಹಟ್ಟಿಯಾಯಿತು. 1955ರಲ್ಲಿ ಎರ್ನ್ಸ್ಟ್ ಮಾರಿಷ್ಕ ‘ಸಿಸ್ಸಿ’ ಎಂಬ ಚಲಚ್ಚಿತ್ರವನ್ನು ತೆಗೆದಾಗ ರೋಮಿ ಷ್ನೈಡರ್ ಎಂಬ ಎಳೆಯ ನಟಿ ನಾಯಿಕೆಯಾದಳು. ಆಗ ನಿಜವಾದ ಪೊಸೆನ್‌ಹೋಫೆನ್ ಚಿತ್ರಕ್ಕೆ ಒದಗದಷ್ಟು ಹಾಳಾಗಿದ್ದಿತು. ಆಸ್ಟ್ರಿಯದ ಫುಷಲ್ ಸರೋವರದ ಕೋಟೆಯನ್ನೇ ಪೊಸೆನ್‌ಹೋಫೆನ್ ಎಂದು ತೋರಿಸಿದರು. ಹೀಗೆ ಕೋಟ್ಯಂತರ ಪ್ರೇಕ್ಷಕರು ನೋಡಿ ಒಲಿದ ಸೀಸಿಯ ತವರುಮನೆ ಸೀಸಿ ಎಂದೂ ವಾಸಿಸದ ಮನೆ! 1980ರ ದಶಕದಲ್ಲಿ ನಿಜವಾದ ಕೋಟೆಯನ್ನು ದುರಸ್ತಿಮಾಡಿ ವಾಸದ ಮನೆಗಳಾಗಿ ವಿಂಗಡಿಸಿದರು. ಇಂದು ಅಲ್ಲಿ ಖಾಸಗಿ ಸಂಸಾರಗಳಿವೆ. ಯಾತ್ರಿಕರಿಗೆ ಒಳಗೆ ಪ್ರವೇಶವಿಲ್ಲ. ದಡದ ಬಯಲು ಸಾರ್ವಜನಿಕರ ಪಾಲಿಗೆ ಬಂದಿದೆ. ಬೇಸಗೆಯಲ್ಲಿ ಮ್ಯೂನಿಚ್ಚಿನ ಮಕ್ಕಳು ಬಂದು ಈಜುತ್ತಾರೆ. ಎಲಿಜಬೆತ್ತಳ ಹೆಸರಿನ ವಸ್ತುಸಂಗ್ರಹ ಇರುವುದು ಹಳೆಯ ರೈಲ್ವೆ ಸ್ಟೇಷನ್ನಿನ ಕಟ್ಟಡದಲ್ಲಿ. ಸದಾ ಪ್ರಯಾಣದಲ್ಲಿದ್ದವಳ ಸ್ಮಾರಕಕ್ಕೆ ಅದು ಅನುಚಿತವಾದ ಸ್ಥಳವೇನೂ ಅಲ್ಲ.

ಈ ವೃತ್ತಾಂತದಿಂದ ನಾವು ತಿಳಿಯಬೇಕಾದುದೇನು? ಪೊಸೆನ್‌ಹೋಫೆನ್ ಎಲಿಜಬೆತ್ತಳನ್ನು ಕೆಡಿಸಿತೆಂದು ವಿಯೆನ್ನ ಹೇಳಿತು. ಪೊಸೆನ್‌ಹೋಫೆನ್ ಸ್ವರ್ಗವಾಗಿತ್ತೆಂದು ಚಲಚ್ಚಿತ್ರ ಹೇಳಿತು. ಎರಡೂ ಮಾತುಗಳಲ್ಲಿ ಆ ಹುಡುಗಿಯ ಅಭಿಪ್ರಾಯಕ್ಕೆ ಎಡೆಯಿಲ್ಲ. ಒಂದು ಮನೆ ತನ್ನ ಮಕ್ಕಳನ್ನು ಒಂದು ಬಗೆಯ ಬಾಳಿಗೆ ಬೆಳೆಸಿತು. ಹಿರಿಯರು ನಾಲ್ಕು ದಿನಗಳಲ್ಲಿ ಅವರಲ್ಲೊಬ್ಬಳನ್ನು ಬೇರೊಂದು ಬಗೆಯ ಬಾಳಿಗೆ ಒಪ್ಪಿಸಿದರು. ತಪ್ಪನ್ನು ಹುಡುಕಬೇಕಾದುದು ಆ ನಾಲ್ಕು ದಿನಗಳಲ್ಲಿ. ಬೆಳೆಸಿದ ರೀತಿಗೆ ತಕ್ಕ ಬಾಳನ್ನು ಕೊಡಬೇಕು. ಇಲ್ಲವೇ ಕೊಡಲಿರುವ ಬಾಳಿಗೆ ತಕ್ಕಂತೆ ಬೆಳೆಸಬೇಕು. ಎರಡನ್ನೂ ಮಾಡದೆ ಮಗಳ ಹಣೆಯ ಬರಹವನ್ನು ಬೈಯುವುದು ಯಾವ ನಾಡಿನ ತಂದೆತಾಯಿಗಳಿಗೂ ಶೋಭಿಸದು. ನೂರೆಪ್ಪತ್ತು ವರ್ಷಗಳ ಹಿಂದೆ ಆ ದಡದಿಂದ ಹೊರಟ ಹದಿನಾರು ವರ್ಷದ ಹುಡುಗಿಗೆ ನಾವು ಇಂದು ಸಲ್ಲಿಸಬಹುದಾದ ನ್ಯಾಯ ಇಷ್ಟೇ: ಆಕೆಯ ತವರನ್ನು ಹೊಗಳುವ ಮೊದಲೂ ತೆಗಳುವ ಮೊದಲೂ, ಆಕೆಯನ್ನು ಯಾರು ಏನು ಕೇಳಿದರು ಎಂಬುದನ್ನು ಒಮ್ಮೆ ವಿಚಾರಿಸುವುದು.